ಪಂಚಾಯತಿ ಮೆಟ್ಟಿಲ ಮೇಲೆ ಕೆಂಪು ಓಪಾ

ನನ್ನ ಕಿರಾಣಿ ಅಂಗಡಿಗೂ ಎರ್ಮೆಲಿಂದ್ ಬಾಯಿಯ ಹೊಲಿಗೆ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯಾಚೆಯಿಂದ ದಿನವಿಡೀ ಎರಡು ಸದ್ದು ಕೇಳುತ್ತವೆ. ಒಂದು ಹೊಲಿಗೆ ಯಂತ್ರದ್ದು, ಇನ್ನೊಂದು ಜಪದ್ದು. ಯಂತ್ರ ಓಡುತ್ತಿದ್ದರೆ ಜಪವೂ ಓಡುತ್ತದೆ. ಎರಡೂ ಒಮ್ಮೆಲೇ ನಿಂತವೆಂದರೆ ಬಾಯಿ ಯಾರನ್ನೋ ಬೈಯಲು ಎದ್ದು ನಿಂತಿದ್ದಾರೆ ಎಂದು ಅರ್ಥ.

ನಾನು ಶಿಕಾರಿಪುರದ ಕಡೆಯವನು. ಗಾರೆ ಕೆಲಸಕ್ಕೆಂದು ಗೋವೆಗೆ ಬಂದವನು ತಾರವಾಳೆಯಲ್ಲೇ ನಿಂತುಬಿಟ್ಟೆ. ಇಲ್ಲೇ ಅಂಗಡಿ, ಇಲ್ಲೇ ಸಂಸಾರ, ಇಲ್ಲೇ ಓಟು. ಮೊದಲ ವರ್ಷ ಜ್ವರ ಬಂದು ಮಲಗಿದ್ದಾಗ ಗೋಡೆಯಾಚೆಯಿಂದ ಗಂಜಿಯ ಪಾತ್ರೆ ಹಿಡಿದು ಬಂದವರು ಬಾಯಿ. "ಕುಡಿ ಬಸು. ಸತ್ತರೆ ನಿನ್ನನ್ನ ಎಲ್ಲಿ ಹೂಳಬೇಕು ಅಂತ ನನಗೆ ಗೊತ್ತಿಲ್ಲ, ಅದಕ್ಕೇ ಬದುಕಿಬಿಡು" ಅಂದಿದ್ದರು. ಅಂದಿನಿಂದ ನಾನು ಅವರ ಮಾತು ಮೀರಿಲ್ಲ.

ಬಾಯಿ ಹುಟ್ಟಿದ್ದು ಇದೇ ಊರಿನಲ್ಲಿ, ನದಿದಂಡೆಯ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಹಾಕಿದ ಏರಿ, ಅಂದರೆ ಬಾಂದಿನ ಪಕ್ಕದ ಮನೆಯಲ್ಲಿ. ಹರೆಯದಲ್ಲೇ ಕುವೈತಿಗೆ ಹೋಗಿ ಒಂದು ದೊಡ್ಡ ಮನೆತನದ ಹೆಂಗಸರಿಗೆ ಬಟ್ಟೆ ಹೊಲಿದರು. ಗಂಡ ರುಜಾರ್ ಹಡಗಿನಲ್ಲಿ ಅಡುಗೆಯವನು. ಆಕೆ ರಜೆಗೆ ಬಂದಾಗ ಅವನು ಸಮುದ್ರದಲ್ಲಿ, ಅವನು ಬಂದಾಗ ಆಕೆ ಕುವೈತಿನಲ್ಲಿ. ಗಂಡ ಹೆಂಡತಿ ಒಂದೇ ಸೂರಿನಡಿ ನೆಲೆನಿಂತದ್ದು ಇಬ್ಬರ ಕೂದಲೂ ನರೆತ ಮೇಲೆ. ಮಕ್ಕಳಾಗಲಿಲ್ಲ. "ಬೇರೆಯವರು ಮದುವೆ ಆದ ಮಾರನೇ ದಿನದಿಂದ ಜಗಳ ಆಡ್ತಾರೆ. ನಾವು ಪಿಂಚಣಿ ಬರೋವರೆಗೂ ಕಾದು ಶುರು ಮಾಡಿದ್ವಿ" ಎಂದು ರುಜಾರ್ ಎಲ್ಲರಿಗೂ ಹೇಳುತ್ತಿದ್ದ. ಹಡಗು ಬಿಟ್ಟ ಮೇಲೆ ಅವನು ಇಗರ್ಜಿಯ, ಅಂದರೆ ಊರ ಚರ್ಚಿನ, ಬ್ಯಾಂಡಿನಲ್ಲಿ ತುತ್ತೂರಿ ಊದಲು ಸೇರಿಕೊಂಡ. ಅವನ ಅಭ್ಯಾಸದ ಹೊತ್ತಿಗೆ ನಾನು ಅಂಗಡಿಯ ರೇಡಿಯೋ ಜೋರು ಮಾಡುತ್ತಿದ್ದೆ.

ಬಾಯಿಗೆ ಇಗರ್ಜಿಯೇ ತವರು. ದಿನಾ ಬೆಳಗಿನ ಪೂಜೆ, ಸಂಜೆ ದಾರಿಬದಿಯ ಶಿಲುಬೆಯ ಮುಂದೆ ಜಪಮಾಲೆ. ಮಕ್ಕಳ ಮೊದಲ ಪರಮಪ್ರಸಾದದ ಬಿಳಿ ಅಂಗಿಯಿಂದ ಹಿಡಿದು ಪಾದ್ರಿಗಳ ನಿಲುವಂಗಿಯವರೆಗೆ ಎಲ್ಲಕ್ಕೂ ಅವರದೇ ಹೊಲಿಗೆ. ಪಂಚಾಯತಿ ಎಂದರೆ ಮಾತ್ರ ಮೂಗು ಮುರಿಯುತ್ತಿದ್ದರು. "ಅಲ್ಲಿಂದ ಹೊರಗೆ ಬರುವಾಗ ಕಾಲು ಒರೆಸ್ಕೊಂಡು ಬರಬೇಕು" ಅನ್ನುತ್ತಿದ್ದರು. ಓಟಿನ ದಿನವೂ ಹೊಲಿಗೆ ಬಿಟ್ಟು ಏಳುತ್ತಿರಲಿಲ್ಲ.

ಅವರನ್ನು ಆ ಕಟ್ಟಡದೊಳಗೆ ಮೊದಲು ಕಳಿಸಿದ್ದು ಒಂದು ಬೀದಿದೀಪ. ಶಿಲುಬೆಯ ಬಳಿಯ ದೀಪ ಕೆಟ್ಟು ಹೋಗಿ, ಮಳೆಗಾಲದಲ್ಲಿ ಜಪಕ್ಕೆ ಬಂದ ಮುದುಕಿಯೊಬ್ಬಳು ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮುಂದಿನ ಗ್ರಾಮಸಭೆಗೆ ಬಾಯಿ ಹೋದರು. ಇಲ್ಲಿ ಗ್ರಾಮಸಭೆ ಭಾನುವಾರವೇ. ಅವರು ಪೂಜೆ ಮುಗಿಸಿ, ತಲೆಯ ಮೇಲಿನ ವಸ್ತ್ರವನ್ನೂ ತೆಗೆಯದೆ ನೇರ ಒಳಗೆ ನಡೆದರು.

ಸರಪಂಚ ಜೆಫ್ರಿನ್ ಶಾಲೆಯಲ್ಲಿ ಅವರದೇ ತರಗತಿಯವನು. ನಗೆಮೊಗದ ದಪ್ಪ ಮನುಷ್ಯ, ಇಗರ್ಜಿಯಲ್ಲಿ ಮೊದಲ ಬೆಂಚು ಅವನದೇ. ಬಾಯಿಯನ್ನು ನೋಡಿದ್ದೇ, "ಎರ್ಮೆಲಿಂದ್, ಇದು ನೊವೆನಾ ಪ್ರಾರ್ಥನೆ ಅಲ್ಲ ಮಾರಾಯ್ತಿ, ದಾರಿ ತಪ್ಪಿ ಬಂದ್ಯಾ?" ಅಂದ. ಸಭೆ ನಕ್ಕಿತು.

"ದಾರಿ ತಪ್ಪದೇ ಏನು? ನೀನು ದೀಪ ಹಾಕಿಸಿಲ್ಲವಲ್ಲ" ಅಂದರು ಬಾಯಿ.

ಈ ಸಲ ಸಭೆ ಜೆಫ್ರಿನನನ್ನು ನೋಡಿ ನಕ್ಕಿತು. ಅದೇ ವಾರ ದೀಪ ಬಂತು. ಆದರೆ ಬಾಯಿಗೆ ಸಂತೋಷಕ್ಕಿಂತ ಕಸಿವಿಸಿಯೇ ಹೆಚ್ಚು. ಪರಮಪ್ರಸಾದ ತೆಗೆದುಕೊಂಡ ನಾಲಿಗೆಯಿಂದಲೇ ಒಬ್ಬನನ್ನು ನಾಲ್ಕು ಜನರೆದುರು ಹಂಗಿಸಿಬಿಟ್ಟೆನಲ್ಲ ಎಂದು. ಪಾಪನಿವೇದನೆಗೆ ಹೋಗಿ ಅದನ್ನೇ ಹೇಳಿಕೊಂಡರು. ಆಮೇಲಿನ ಸಭೆಗೂ ಹೋದರು, ಮತ್ತೆ ಸಿಟ್ಟು ಮಾಡಿದರು, ಮತ್ತೆ ನಿವೇದನೆ. ಆ ಕಥೆಯನ್ನು ಬಾಯಿ ತಾವೇ ನನಗೆ ಹೇಳಿ ನಕ್ಕಿದ್ದರು. "ಕೊನೆಗೆ ಪಾದ್ರಿ ಏನಂದ್ರು ಗೊತ್ತಾ ಬಸು? ಬಾಯಿ, ಗ್ರಾಮಸಭೆ ಇರೋ ದಿನ ಪ್ರಾಯಶ್ಚಿತ್ತದ ಪ್ರಾರ್ಥನೆ ಮುಂಗಡವಾಗಿಯೇ ಹೇಳ್ಕೊಂಡು ಹೋಗಿಬಿಡಿ ಅಂದ್ರು."

ಆ ಪಾದ್ರಿ ಅವೆರ್ತಾನ್. ಒಳ್ಳೆಯವರು, ಆದರೆ ಅಂಜುಬುರುಕರು. ಇದಕ್ಕೆ ಮುಂಚೆ ಇದ್ದ ಊರಿನಲ್ಲಿ ಚುನಾವಣೆಯ ಸಮಯದಲ್ಲಿ ಏನೋ ಒಂದು ಮಾತು ಆಡಿ, ಇಗರ್ಜಿ ಎರಡು ಪಂಗಡವಾಗಿ ಒಡೆದು, ಮದುವೆಗೂ ಮಣ್ಣಿಗೂ ಒಬ್ಬರ ಮನೆಗೆ ಒಬ್ಬರು ಹೋಗದ ಹಾಗಾಗಿತ್ತಂತೆ. ಅಂದಿನಿಂದ ಅವರು ಪೀಠದ ಮೇಲಿಂದ ಊರ ಸುದ್ದಿ ಎತ್ತಿದವರಲ್ಲ.

ಹೀಗಿರುವಾಗ ಒಂದು ವರ್ಷ ಎರಡು ಸುದ್ದಿ ಒಂದರ ಹಿಂದೆ ಒಂದು ಬಂದವು.

ಮೊದಲನೆಯದು, ಆ ಸಲದ ತೆನೆ ಫೆಸ್ತಿಗೆ ಎರ್ಮೆಲಿಂದ್ ಬಾಯಿಯೇ ಪ್ರೆಜಿದೆಂತ್, ಅಂದರೆ ಹಬ್ಬದ ಯಜಮಾನಿ. ನಮ್ಮಲ್ಲಿ ಆಗಸ್ಟಿನ ಒಂದು ಭಾನುವಾರ ಈ ಫೆಸ್ತು. ಹಬ್ಬಕ್ಕೆಂದೇ ಬೇಗ ಬಿತ್ತಿದ ಒಂದು ಗದ್ದೆಯಿಂದ ಮೊದಲ ತೆನೆ ಕೊಯ್ದು, ಪಾದ್ರಿ ಅದನ್ನು ಆಶೀರ್ವದಿಸಿ, ಬ್ಯಾಂಡಿನ ಸಮೇತ ಇಗರ್ಜಿಗೆ ತಂದು, ಬಲಿಪೀಠದ ಮೇಲಿಟ್ಟ ಮೇಲೇ ಹಬ್ಬದ ಪೂಜೆ. ಪ್ರೆಜಿದೆಂತ್ ಆದವರು ಓಪಾ ಎಂಬ ಕೆಂಪು ಮೇಲಂಗಿ ತೊಟ್ಟು ತಾವೇ ತೆನೆ ಕೊಯ್ಯಬೇಕು, ತಾವೇ ಹೊರಬೇಕು. ಮೊದಲೆಲ್ಲ ಆ ಓಪಾ ಗಂಡಸರ ಹೆಗಲಿಗೆ ಮಾತ್ರ. ಬಾಯಿಯ ತಾಯಿ ಊರಿಗೆಲ್ಲ ಓಪಾ ಹೊಲಿದುಕೊಟ್ಟು, ಒಂದನ್ನೂ ತೊಡದೆ ತೀರಿಕೊಂಡವರು. ಹೆಂಗಸರಿಗೂ ಸರದಿ ಕೊಡಬೇಕೆಂದು ತೀರ್ಮಾನವಾದ ಮೇಲೆ ಬಾಯಿ ವರ್ಷಗಟ್ಟಲೆ ಕಾದಿದ್ದರು. ತಮ್ಮ ಓಪಾ ಹೊಲಿಯುವಾಗ ಮಾತ್ರ ಯಂತ್ರ ಮುಟ್ಟಲಿಲ್ಲ, ಇಡೀ ಕೈಹೊಲಿಗೆ. "ಅಮ್ಮನ ಪಾಲಿನದ್ದೂ ಸೇರಿಸಿ ತೊಟ್ಕೋತೀನಿ" ಅಂದರು.

ಎರಡನೆಯ ಸುದ್ದಿ ಗದ್ದೆಯದು. ಯಾವುದೋ ದೊಡ್ಡ ಕಂಪನಿ ನಮ್ಮ ಗಜನಿ ಗದ್ದೆಗಳನ್ನು ತೆಗೆದುಕೊಂಡು, ನದಿಯ ತೂಬಿನ ಬಾಗಿಲು ಕಿತ್ತು, ಉಪ್ಪುನೀರು ಒಳಗೆ ಬಿಟ್ಟು, ಶ್ರೀಮಂತರ ಮೋಜಿನ ದೋಣಿ ನಿಲ್ಲಿಸಲು ಕಟ್ಟೆ ಮಾಡುವುದಂತೆ, ಪಕ್ಕದಲ್ಲೊಂದು ಹೋಟೆಲಂತೆ. ಅದಕ್ಕೆ ಊರಿನ ಒಪ್ಪಿಗೆಯ ಠರಾವು ಬೇಕು. ಪಂಚಾಯತಿ ವಿಶೇಷ ಗ್ರಾಮಸಭೆ ಕರೆದಿತ್ತು. ಯಾವ ದಿನ? ತೆನೆ ಫೆಸ್ತಿನ ಭಾನುವಾರ. ಎಷ್ಟು ಹೊತ್ತಿಗೆ? ಹಬ್ಬದ ಪೂಜೆಯ ಹೊತ್ತಿಗೇ, ಹತ್ತು ಗಂಟೆಗೆ.

ಜನ ಸಾಲದಿದ್ದರೆ ಅರ್ಧ ಗಂಟೆ ಕಾದು, ಇದ್ದಷ್ಟೇ ಜನರಲ್ಲಿ ಠರಾವು ಮಾಡಬಹುದು ಎಂಬುದು ಕಾನೂನು. ಆ ಹೊತ್ತಿಗೆ ಊರಿನ ಮುಕ್ಕಾಲು ಪಾಲು ಇಗರ್ಜಿಯೊಳಗೆ ಮೊಣಕಾಲೂರಿರುತ್ತದೆ ಎಂಬುದು ಜೆಫ್ರಿನನಿಗೆ ಗೊತ್ತಿಲ್ಲದ್ದಲ್ಲ.

ಸುದ್ದಿ ತಂದವನು ಸೋಯ್ರು ನಾಯ್ಕ. ಹಬ್ಬದ ಗದ್ದೆ ಉಳುವವನು ಅವನೇ. ಅವನ ಮನೆಯವರು ಹಿಂದೂಗಳು, ಆದರೆ ಫೆಸ್ತಿನ ಕುಡುಗೋಲು ಮಸೆದು ಕೊಡುವ ಹಕ್ಕು ಅಜ್ಜನ ಕಾಲದಿಂದ ಅವರದು. ಬಾಯಿಯ ಬಾಗಿಲಲ್ಲಿ ನಿಂತು ಅಂದ, "ಬಾಯಿ, ನಮ್ಮ ವಾಡೆ ಕೇರಿಯ ಹತ್ತು ಮನೆಯವರು ಬರ್ತೀವಿ. ಬಸು ಬರ್ತಾನೆ. ನಾವಿಷ್ಟು ಜನ ಕೈ ಎತ್ತಿದ್ರೆ ಎಷ್ಟಾಯ್ತು? ನಿಮ್ಮೋರೆಲ್ಲ ಪೂಜೇಲಿ ಇರ್ತೀರಿ."

ಹೊಲಿಗೆ ಯಂತ್ರ ನಿಂತಿತು. ಜಪವೂ ನಿಂತಿತು.

ಬಾಯಿ ಮೊದಲು ಹೋದದ್ದು ಜೆಫ್ರಿನನ ಮನೆಗೆ. ನಾನೂ ರುಜಾರನೂ ಜೊತೆಗಿದ್ದೆವು. ಜೆಫ್ರಿನ್ ಮನೆಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಚಹಾಕ್ಕೆ ಪಾವ್ ಅದ್ದಿ ತಿನ್ನುತ್ತಿದ್ದ.

"ಒಂದು ವಾರ ಮುಂದೆ ಹಾಕು ಜೆಫ್ರಿನ್. ಫೆಸ್ತಿನ ದಿನ ಬೇಡ."

"ಆಗಲ್ಲ. ಹೊರಗಿನೋರಿಗೆ ಹೇಳಿ ಆಗಿದೆ, ಅವತ್ತೇ ಬರ್ತಾರೆ."

"ಹೊರಗಿನೋರಿಗೆ ಬಿಡುವು ನೋಡಿ ಸಭೆ, ಊರಿನೋರಿಗೆ ಬಿಡುವಿಲ್ಲದ ದಿನ ನೋಡಿ ಸಭೆ?"

ಜೆಫ್ರಿನ್ ಪಾವ್ ಕೆಳಗಿಟ್ಟ. "ನೋಡು, ನಾನು ನಿನಗೆ ಅಡ್ಡ ಬಂದಿಲ್ಲ. ನಿನಗೆ ದೇವರು ಬೇಕೋ ಪಂಚಾಯತಿ ಬೇಕೋ, ಒಂದನ್ನ ಆರಿಸ್ಕೋ. ಎರಡೂ ಬೇಕು ಅಂದ್ರೆ ಹೇಗೆ?"

ಬಾಯಿ ತಿರುಗಿ ನಡೆದರು. ದಾರಿಯಲ್ಲಿ ರುಜಾರ್, "ಅವನಿಗೆ ಏನಾದ್ರೂ ಹೇಳಬೇಕಿತ್ತು" ಅಂದ. "ಹೇಳಿದ್ರೆ ಮತ್ತೆ ನಿವೇದನೆಗೆ ಹೋಗಬೇಕಾಗ್ತಿತ್ತು. ಹಬ್ಬದ ವಾರ ಪಾದ್ರಿಗೂ ಕೆಲಸ ಜಾಸ್ತಿ" ಅಂದರು ಬಾಯಿ.

ಪಾದ್ರಿಗಳ ಬಳಿ ಹೋಗಿ ಪೂಜೆಯನ್ನಾದರೂ ಬೇಗ ಮಾಡಿ ಎಂದು ಕೇಳಿಕೊಂಡರು. ಪಾದ್ರಿ ಅವೆರ್ತಾನ್ ಆಗುವುದಿಲ್ಲ ಎಂದರಂತೆ. ಹೊರಗಿನಿಂದ ಪ್ರವಚನಕಾರರು ಬರುವವರು, ಅಕ್ಕಪಕ್ಕದ ಊರಿನವರಿಗೂ ಹೇಳಿ ಆಗಿದೆ, ಅದು ಒಂದು ಕಾರಣ. ಅದಕ್ಕಿಂತ ದೊಡ್ಡದನ್ನು ಆಮೇಲೆ ಹೇಳಿದರು: "ಬಾಯಿ, ಗದ್ದೆ ಉಳೀಬೇಕು ಅಂತ ನನಗೂ ಇದೆ. ಆದ್ರೆ ಸಭೆಗೋಸ್ಕರ ಪೂಜೆ ಸರಿಸಿದ್ರೆ, ಇಗರ್ಜಿ ಒಂದು ಪಕ್ಷದ ಬಾವುಟ ಆಗುತ್ತೆ. ಗದ್ದೆ ಮಾರೋಕೆ ಒಪ್ಪಿರೋರೂ ನನ್ನ ಮುಂದೆ ನಾಲಿಗೆ ಚಾಚಿ ಪ್ರಸಾದ ತಗೊಳ್ತಾರೆ. ಅವರಿಗೆ ನಾನು ಯಾವ ಮುಖ ತೋರಿಸಲಿ?"

ಆ ಮಾತು ಬಾಯಿಗೆ ನಾಟಿತು. ಅದು ಹೇಡಿತನದ ಮಾತು ಎಂದು ನಾನು ಅಂದದ್ದಕ್ಕೆ ನನ್ನನ್ನೇ ಗದರಿದರು. "ಅಲ್ಲ ಬಸು. ಅವರು ಹೇಳಿದ್ರಲ್ಲಿ ಸತ್ಯ ಇದೆ. ಜೆಫ್ರಿನನೂ ದೇವರ ಮಗನೇ. ದೇವರನ್ನ ನನ್ನ ಕಡೆ ಓಟು ಹಾಕೋಕೆ ಎಳ್ಕೊಂಡು ಹೋದ್ರೆ ಅದು ಭಕ್ತಿ ಅಲ್ಲ."

"ಹಾಗಾದ್ರೆ ಏನು ಮಾಡ್ತೀರಿ? ಗದ್ದೆ ಬಿಟ್ಟುಕೊಡ್ತೀರಾ?"

"ಗದ್ದೆ ಬಿಟ್ಟು ತೆನೆ ಹೊತ್ಕೊಂಡು ಹೋಗಿ ದೇವರಿಗೆ ಏನಂತ ಹೇಳಲಿ? ತಗೋ ಸಾಯ್ಬಾ, ಇದೇ ಕೊನೇದು ಅಂತಲಾ?"

ಒಂದೆರಡು ದಿನ ಅವರ ಯಂತ್ರದ ಸದ್ದು ಸರಿಯಾಗಿ ಕೇಳಲಿಲ್ಲ. ನಡುಮಧ್ಯಾಹ್ನ ಖಾಲಿ ಇಗರ್ಜಿಯಲ್ಲಿ ಹೋಗಿ ಕೂರುತ್ತಿದ್ದರು. ಓಪಾ ಬೇರೆಯವರಿಗೆ ಕೊಟ್ಟು, ಬೆಳಗಿನ ಮೊದಲ ಪೂಜೆಗೆ ಮಾತ್ರ ಹೋಗಿ, ಸಭೆಗೆ ಹೋಗಿಬಿಡುವುದು ಎಂದು ಒಮ್ಮೆ ಮನಸ್ಸು ಮಾಡಿದ್ದರು. ಹಾಗೆ ಹೇಳುವಾಗ ಕಣ್ಣು ತುಂಬಿ ಬಂದಿತ್ತು. ಮರುದಿನ ಇಗರ್ಜಿಯಿಂದ ವಾಪಸು ಬಂದವರು ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತು ಒಂದು ಸೋಡಾ ಕೇಳಿದರು. ಮುಖ ಬೇರೆಯೇ ಆಗಿತ್ತು.

"ಬಸು, ಪೂಜೆಯ ಹೊತ್ತು ಯಾರದ್ದು?"

"ಪಾದ್ರಿಗಳದ್ದು."

"ಮೆರವಣಿಗೆ?"

"ಪ್ರೆಜಿದೆಂತರದ್ದು ಅಂತಾರಪ್ಪ." ಅದು ಹಳೆಯ ವಾಡಿಕೆ. ಗದ್ದೆಗೆ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ದಾರಿಯಲ್ಲಿ ವಾಪಸಾಗಬೇಕು, ಎಲ್ಲಿ ನಿಂತು ಪಟಾಕಿ ಹೊಡೆಯಬೇಕು ಎಂಬುದೆಲ್ಲ ಆ ವರ್ಷದ ಪ್ರೆಜಿದೆಂತ್ ಹೇಳಿದಂತೆ.

"ತೆನೆ ಬರದೆ ಪೂಜೆ ಶುರುವಾಗುತ್ತಾ?"

ನಾನು ಉತ್ತರ ಹೇಳುವ ಮೊದಲೇ ಅವರು ಸೋಡಾ ಮುಗಿಸಿ ಎದ್ದಿದ್ದರು.

ಆ ವಾರ ಬಾಯಿ ಮನೆಮನೆಗೆ ಹೋದರು. ಸಂಜೆಯ ನೊವೆನಾ ಮುಗಿದ ಮೇಲೆ ಇಗರ್ಜಿಯೊಳಗೆ ಒಂದು ಮಾತೂ ಆಡುತ್ತಿರಲಿಲ್ಲ. ಗೇಟು ದಾಟಿ ರಸ್ತೆಗೆ ಬಂದ ಮೇಲೇ ಮಾತು ತೆಗೆಯುತ್ತಿದ್ದರು. ಹೇಳುತ್ತಿದ್ದದ್ದೂ ಸರಳ: "ಈ ಸಲ ಮೆರವಣಿಗೆ ತಡವಾಗಿ ಹೊರಡುತ್ತೆ. ವಾಪಸು ಬರುವಾಗ ಪಂಚಾಯತಿ ಮುಂದೆ ನಿಲ್ಲುತ್ತೆ. ಓಟು ಇರೋರು ಒಳಗೆ ಹೋಗಿ ನಿಮಗೆ ಸರಿ ಕಂಡ ಕಡೆ ಕೈ ಎತ್ತಿ ಬನ್ನಿ. ಆಮೇಲೆ ಎಲ್ಲರೂ ಪೂಜೆಗೆ ಹೋಗೋಣ."

ಎಲ್ಲರೂ ಹೂಂ ಅನ್ನಲಿಲ್ಲ. ಜೆಫ್ರಿನನ ಅಕ್ಕ ಎಸ್ಪೆರಾನ್ಸ್, ಗಾಯನ ಮಂಡಳಿಯ ಹಿರಿಯಳು, ಮಾರುಕಟ್ಟೆಯಲ್ಲಿ ಎಲ್ಲರೆದುರು ಕೇಳಿದಳು, "ಏನೇ, ಓಪಾ ಹೊಲ್ಕೊಂಡಿದ್ದು ದೇವರಿಗೋ, ಎಲೆಕ್ಷನ್ನಿಗೋ?"

"ದೇವರಿಗೆ ಕಣೇ. ಅದಕ್ಕೇ ಅದನ್ನ ಪಂಚಾಯತಿ ಒಳಗೆ ತಗೊಂಡು ಹೋಗಲ್ಲ" ಅಂದರು ಬಾಯಿ. ಆ ಉತ್ತರ ಅವರ ಬಾಯಿಂದ ತಾನಾಗಿಯೇ ಬಂದದ್ದು. ಆಡಿದ ಮೇಲೆ ತಮಗೇ ದಾರಿ ನಿಚ್ಚಳವಾಯಿತು ಎಂದು ಆಮೇಲೆ ನನಗೆ ಹೇಳಿದರು.

ಪಾದ್ರಿಗಳಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಗುರುವಾರ ಸಂಜೆ ಕೊಡೆ ಹಿಡಿದು ಬಾಯಿಯ ಮನೆಗೇ ಬಂದರು. ರುಜಾರ್ ಗಡಿಬಿಡಿಯಿಂದ ಇಡ್ಲಿಯಂಥ ಸಾನ್ನಾ ಬಿಸಿ ಮಾಡಲು ಒಳಗೆ ಓಡಿದ.

"ಬಾಯಿ, ಶಿಲುಬೆ ಹಿಡ್ಕೊಂಡು ಪಂಚಾಯತಿ ಒಳಗೆ ನುಗ್ತೀರಂತೆ?"

"ಇಲ್ಲ ಫಾದರ್. ಶಿಲುಬೆ ಹೊರಗೇ ಇರುತ್ತೆ. ಬ್ಯಾಂಡು ಹೊರಗೆ, ತೆನೆ ಹೊರಗೆ, ನೀವೂ ಹೊರಗೆ. ಮೆಟ್ಟಿಲ ಹತ್ರ ನಾನು ಓಪಾ ಕಳಚಿಡ್ತೀನಿ. ಒಳಗೆ ಹೋಗೋದು ಈ ಊರಿನ ಎರ್ಮೆಲಿಂದ್, ಫೆಸ್ತಿನ ಪ್ರೆಜಿದೆಂತ್ ಅಲ್ಲ. ಯಾರು ಯಾವ ಕಡೆ ಕೈ ಎತ್ತಬೇಕು ಅಂತ ನಾನು ಯಾರಿಗೂ ಹೇಳಿಲ್ಲ. ಬನ್ನಿ ಅಂತ ಮಾತ್ರ ಹೇಳಿದ್ದೀನಿ."

"ಪೂಜೆ ತಡ ಆಗುತ್ತಲ್ಲ?"

"ಆಗುತ್ತೆ ಫಾದರ್. ಅದು ನನ್ನ ತಪ್ಪು. ಅದಕ್ಕೆ ನಿವೇದನೆಗೆ ಬರ್ತೀನಿ. ಆದ್ರೆ ದೇವರಿಗೆ ಆ ಗದ್ದೆಯಿಂದ ಪ್ರತಿ ವರ್ಷ ತೆನೆ ಸಲ್ಲಬೇಕು ಅಂದ್ರೆ, ಈ ವರ್ಷ ಒಂದು ಗಂಟೆ ತಡ ಆದ್ರೂ ಅವನು ಬೇಜಾರು ಮಾಡ್ಕೊಳಲ್ಲ ಅಂತ ನನ್ನ ನಂಬಿಕೆ. ಸಭೇಲಿ ಕೂತು ಊರಿನ ಕೆಲಸ ಮಾಡೋದೂ ನನಗೆ ಅವನೇ ಒಪ್ಪಿಸಿರೋದು. ಅಲ್ಲಿ ಹೋಗೋವಾಗ ಅವನನ್ನ ಬಿಟ್ಟು ಹೋಗಲ್ಲ. ಅವನ ಹೆಸರು ಮಾತ್ರ ಅಲ್ಲಿ ಬಳಸಲ್ಲ."

ಪಾದ್ರಿ ಸಾನ್ನಾ ಮುರಿದು ಸೊರ್ಪೊತೆಲಿಗೆ, ಹಂದಿಮಾಂಸದ ಖಾರದ ಸಾರಿಗೆ, ಅದ್ದಿ ತಿಂದರು. ಇನ್ನೊಂದು ತಿಂದರು. ಆಮೇಲೆ ಎದ್ದು ಕೊಡೆ ಬಿಚ್ಚುತ್ತಾ, "ತೆನೆ ಬರದೆ ನಾನು ಪೂಜೆ ಶುರು ಮಾಡೋ ಹಾಗಿಲ್ಲ. ಅದು ಮೊದಲಿಂದ ಬಂದದ್ದು. ಮೆರವಣಿಗೆ ನನ್ನ ಕೈಯಲ್ಲಿಲ್ಲ. ಅದೂ ಮೊದಲಿಂದ ಬಂದದ್ದು" ಅಂದರು. ಗೇಟಿನ ಬಳಿ ಹೋದವರು ತಿರುಗಿ, "ಸೊರ್ಪೊತೆಲ್ ಚೆನ್ನಾಗಿತ್ತು ರುಜಾರ್. ತುತ್ತೂರಿಗಿಂತ ಚೆನ್ನಾಗಿತ್ತು" ಎಂದು ಹೇಳಿ ಹೋದರು.

ಭಾನುವಾರ ಬೆಳಗಾಗುವಾಗಲೇ ಮಳೆ. ಮೆರವಣಿಗೆಗೆ ಜನ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಆದರೆ ಕೊಡೆಗಳ ಮೇಲೆ ಕೊಡೆ ಬಂದು ಇಗರ್ಜಿಯಂಗಳ ತುಂಬಿತು. ಬಾಯಿ ಬಂದರು. ಬಿಳಿ ಉಡುಪಿನ ಮೇಲೆ ಕೆಂಪು ಓಪಾ, ಹೆಗಲಿನ ಅಂಚಿಗೆ ಸಣ್ಣ ಸಣ್ಣ ಕೈಹೊಲಿಗೆಯ ತೆನೆಗಳು. ಅವರನ್ನು ನೋಡಿ ರುಜಾರ್ ಊದುವುದನ್ನೇ ಮರೆತು ನಿಂತ. ಪಕ್ಕದವನು ಮೊಣಕೈಯಿಂದ ತಿವಿದ ಮೇಲೆ ಊದಿದ, ಅದೂ ಬೇರೆ ಹಾಡು.

ಬಾಂದಿನ ಮೇಲೆ ಸಾಲಾಗಿ ನಡೆದೆವು. ಒಂದು ಕಡೆ ತುಂಬಿದ ನದಿ, ಇನ್ನೊಂದು ಕಡೆ ಹಸಿರು, ಹಬ್ಬದ ಆ ಒಂದು ತುಂಡು ಮಾತ್ರ ಹೊಂಬಣ್ಣ. ಪಾದ್ರಿಗಳು ಗದ್ದೆಗೆ ಪವಿತ್ರ ನೀರು ಚಿಮುಕಿಸಿದರು. ಸೋಯ್ರು ಕುಡುಗೋಲನ್ನು ಹಣೆಗೆ ಮುಟ್ಟಿಸಿ ಬಾಯಿಯ ಕೈಗೆ ಕೊಟ್ಟ. ಬಾಯಿ ಕೆಸರಿಗೆ ಇಳಿದು, ಬಗ್ಗಿ, ಮೊದಲ ಹಿಡಿ ಕೊಯ್ದು ಎತ್ತಿ ಹಿಡಿದಾಗ ಪಟಾಕಿ ಹಾರಿತು. ಮುದುಕಿಯರು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು. ಮಳೆ ಇದ್ದದ್ದು ಒಳ್ಳೆಯದಾಯಿತು.

ವಾಪಸು ಬರುವಾಗ ಪಂಚಾಯತಿಯ ಮುಂದೆ ಬಾಯಿ ನಿಂತರು. ಬ್ಯಾಂಡು ನಿಂತಿತು. ಅವರು ತೆನೆಯ ಸಿವುಡನ್ನು ಪಾದ್ರಿಗಳ ಕೈಗೆ ಕೊಟ್ಟರು, ಓಪಾ ಕಳಚಿ ಮಡಿಸಿ, ಮೆಟ್ಟಿಲ ಮೇಲೆ ಮಾಡಿನ ಕೆಳಗೆ ಒಣಗಿದ ಜಾಗ ನೋಡಿ ಇಟ್ಟರು. ಅದನ್ನು ಕಂಡು ಓಪಾ ತೊಟ್ಟು ಮೆರವಣಿಗೆಗೆ ಬಂದಿದ್ದ ಇಗರ್ಜಿ ಸಂಘದವರೂ ಒಬ್ಬೊಬ್ಬರಾಗಿ ಕಳಚಿ ಅದರ ಪಕ್ಕದಲ್ಲೇ ಇಟ್ಟರು. ಮೆಟ್ಟಿಲು ಕೆಂಪಗಾಯಿತು. ಆಮೇಲೆ ಓಟು ಇರುವವರೆಲ್ಲ ಒಳಗೆ ನಡೆದೆವು.

ಒಳಗೆ ಜೆಫ್ರಿನ್, ಪಂಚಾಯತಿಯ ಕೆಲವು ಸದಸ್ಯರು, ಕಂಪನಿಯ ಇಬ್ಬರು, ಮುಂಚೆಯೇ ಬಂದು ಕೂತಿದ್ದ ಸೋಯ್ರುವಿನ ವಾಡೆಯವರು. ಅರ್ಧ ಗಂಟೆ ಇನ್ನೂ ಮುಗಿದಿರಲಿಲ್ಲ. ಕುರ್ಚಿ ತುಂಬಿದವು, ಗೋಡೆಬದಿ ತುಂಬಿತು, ಕಿಟಕಿಯಲ್ಲೂ ತಲೆಗಳು. ಜೆಫ್ರಿನ್ ಎದ್ದು ನಿಂತ.

"ಇದೇನು ಎರ್ಮೆಲಿಂದ್, ಮೆರವಣಿಗೇನ ಸಭೆಗೆ ನುಗ್ಗಿಸ್ತಿದ್ದೀಯಾ? ಇದು ಧರ್ಮದ ಜಾಗ ಅಲ್ಲ. ನಾನು ಬರೆಸ್ತೀನಿ ಇದನ್ನ!"

"ಮೆರವಣಿಗೆ ಹೊರಗೆ ನಿಂತಿದೆ, ಕಿಟಕೀಲಿ ನೋಡು. ಪಾದ್ರಿ ಮಳೇಲಿ ನೆನೀತಿದ್ದಾರೆ. ಒಳಗೆ ಬಂದಿರೋದು ಓಟಿನೋರು. ನನ್ನ ಮೈಮೇಲೆ ಓಪಾ ಇದೆಯಾ, ಕೈಯಲ್ಲಿ ಶಿಲುಬೆ ಇದೆಯಾ?"

ಜೆಫ್ರಿನ್ ನೋಡಿದ. ಕೆಸರು ಮೆತ್ತಿದ ಅಂಚಿನ ಬಿಳಿ ಉಡುಪಿನಲ್ಲಿ ನಿಂತ ಒಬ್ಬ ಹೊಲಿಗೆಯ ಹೆಂಗಸು ಮಾತ್ರ ಕಂಡಳು. ಕುಳಿತ.

ಅವನು ಮಾತು ಬಲ್ಲವನು. ತನ್ನ ವಾದವನ್ನು ಚೆನ್ನಾಗಿಯೇ ಇಟ್ಟ. "ಊರಿನ ಹುಡುಗರೆಲ್ಲ ಪೋರ್ಚುಗಲ್ ಪಾಸ್‌ಪೋರ್ಟ್ ಮಾಡಿಸ್ಕೊಂಡು ಇಂಗ್ಲೆಂಡಿಗೆ ಹೋಗ್ತಿದ್ದಾರೆ. ಅರ್ಧ ಗದ್ದೆ ಪಾಳು. ಇಲ್ಲೇ ಕೆಲಸ ಸಿಕ್ಕರೆ ಅವರು ಇಲ್ಲೇ ಇರ್ತಾರೆ. ನಾನು ಊರಿಗೆ ಕೆಟ್ಟದ್ದು ಬಯಸಿದವನಾ?" ಕೆಲವರು ತಲೆಯಾಡಿಸಿದರು. ಅವನು ಹೇಳಿದ್ದು ಸುಳ್ಳೂ ಅಲ್ಲ.

ಬಾಯಿ ಎದ್ದರು. "ಕೆಟ್ಟದ್ದು ಬಯಸಿದ್ದೀಯ ಅಂತ ನಾನು ಹೇಳಲ್ಲ ಜೆಫ್ರಿನ್. ಪಾಳು ಬಿದ್ದಿರೋದೂ ಖರೆ. ಯಾಕೆ ಬಿತ್ತು ಹೇಳು. ತೂಬಿನ ಬಾಗಿಲು ಸೋರ್ತಿದೆ, ಉಪ್ಪುನೀರು ನುಗ್ತಿದೆ. ರಿಪೇರಿ ಮಾಡ್ಸು ಅಂತ ಸೋಯ್ರು ಈ ಸಭೇಲಿ ಎಷ್ಟು ಸಲ ಕೇಳಿದ? ಈಗ ಬಾಗಿಲನ್ನೇ ಕಿತ್ತುಬಿಡಿ ಅಂತಿದ್ದೀರಿ. ಆಮೇಲೆ ನಮ್ಮ ಬಾವಿಗಳ ಗತಿ?"

ಆ ಮಾತು ಕೇಳಿದ್ದೇ ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ನನ್ನ ಅರೆಬರೆ ಕೊಂಕಣಿಯಲ್ಲಿ, "ನನ್ನ ಬಾವಿ ಬೇಸಿಗೇಲಿ ಈಗಲೇ ಉಪ್ಪು. ಇನ್ನೂ ಉಪ್ಪಾದ್ರೆ ಅಂಗಡೀಲಿ ಉಪ್ಪು ಮಾರೋದು ನಿಲ್ಲಿಸಬೇಕಾಗುತ್ತೆ, ಎಲ್ಲರೂ ಬಾವೀಲೇ ಸೇದ್ಕೋತಾರೆ" ಅಂದೆ. ಸಭೆ ಗೊಳ್ಳೆಂದು ನಕ್ಕಿತು. ಆ ನಗುವಿನ ಹಿಂದೆಯೇ ಒಬ್ಬೊಬ್ಬರೂ ತಮ್ಮ ತಮ್ಮ ಬಾವಿಯ ಹೆಸರು ಹೇಳತೊಡಗಿದರು. ಕಂಪನಿಯವರನ್ನು ಕೇಳಿದರೆ, ಅದನ್ನು ಮುಂದೆ ಅಧ್ಯಯನ ಮಾಡುತ್ತೇವೆ ಎಂದರು. "ಮೊದಲು ಕೀಳೋದು, ಆಮೇಲೆ ಓದೋದಾ?" ಎಂದು ಸೋಯ್ರು ಕೇಳಿದ.

ಠರಾವಿಗೆ ಒಪ್ಪಿದವರು ಕೈ ಎತ್ತಿ ಎಂದಾಗ ಮುಂದಿನ ಸಾಲಿನಲ್ಲಿ ಕೆಲವು ಕೈ ಎದ್ದವು. ಒಪ್ಪದವರು ಎಂದಾಗ ಏನಾಯಿತೆಂದರೆ, ನನಗೆ ಎದುರಿನ ಗೋಡೆಯೇ ಕಾಣಲಿಲ್ಲ, ಬರೀ ಕೈಗಳು. ಕಿಟಕಿಯ ಹೊರಗಿನಿಂದಲೂ ಕೈಗಳು. ಎಸ್ಪೆರಾನ್ಸಳ ಕೈಯೂ ಇತ್ತು. ತಮ್ಮನ ಕಡೆ ನೋಡದೆ ಮೇಲೆತ್ತಿದ್ದಳು. ಬಾಯಿ ಅಲ್ಲಿಗೇ ಬಿಡಲಿಲ್ಲ. "ಈಗ ಇನ್ನೊಂದು ಠರಾವು. ತೂಬಿನ ಬಾಗಿಲನ್ನ ಪಂಚಾಯತಿ ಈ ವರ್ಷವೇ ಹೊಸದಾಗಿ ಮಾಡಿಸಬೇಕು" ಅಂದರು. ಅದಕ್ಕೆ ಮೊದಲ ಸಾಲಿನ ಕೈಗಳೂ ಎದ್ದವು. ಕೊನೆಗೆ ಜೆಫ್ರಿನನೂ ಎತ್ತಿದ.

ಹೊರಗೆ ಬಂದಾಗ ಮಳೆ ನಿಂತಿತ್ತು. ಪಾದ್ರಿ ಅವೆರ್ತಾನರ ನಿಲುವಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಾವು ನೆನೆದರೂ ಕೊಡೆಯನ್ನು ತೆನೆಗೆ ಹಿಡಿದಿದ್ದರು. "ಏನಾಯ್ತು ಅಂತ ನಾನು ಕೇಳಲ್ಲ" ಅಂದರು. "ನಾನು ಹೇಳೋದೂ ಇಲ್ಲ ಫಾದರ್" ಅಂದರು ಬಾಯಿ. ಆದರೆ ಮೆಟ್ಟಿಲ ಮೇಲಿನ ಓಪಾ ಎತ್ತಿ ತೊಟ್ಟುಕೊಳ್ಳುವಾಗ ಅವರ ಮುಖ ಇದ್ದ ರೀತಿಗೆ, ಪಾದ್ರಿಗಳು ಕೇಳುವ ಅಗತ್ಯವೇ ಇರಲಿಲ್ಲ. ರುಜಾರ್ ತುತ್ತೂರಿ ಎತ್ತಿದ. ಅವತ್ತು ಅವನು ಒಂದು ಸ್ವರವನ್ನೂ ತಪ್ಪಲಿಲ್ಲ.

ಪೂಜೆ ಶುರುವಾಗುವಾಗ ಮಧ್ಯಾಹ್ನವೇ ಆಗಿತ್ತು. ಹೊರಗಿನಿಂದ ಬಂದ ಪ್ರವಚನಕಾರರು ಕಾದು ಕಾದು ಹಸಿದು, ಪ್ರವಚನವನ್ನು ಚಿಕ್ಕದಾಗಿ ಮುಗಿಸಿದರು. ಅದಕ್ಕೂ ಜನ ಬಾಯಿಗೆ ಕೃತಜ್ಞರಾಗಿದ್ದರು. ನಾನು ಇಗರ್ಜಿಯ ಬಾಗಿಲಲ್ಲಿ ನಿಂತು ನೋಡಿದೆ. ಬಾಯಿ ತೆನೆ ಹೊತ್ತು, ಯಾರ ಕಡೆಗೂ ನೋಡದೆ, ನಡುದಾರಿಯಲ್ಲಿ ನಡೆದು ಹೋಗಿ ಬಲಿಪೀಠದ ಮೇಲಿಟ್ಟು, ಮೊಣಕಾಲೂರಿ, ಏಳಲೇ ಇಲ್ಲ. ಬಹಳ ಹೊತ್ತಾದ ಮೇಲೆ ಪಾದ್ರಿಗಳೇ ಬಂದು ತೋಳು ಹಿಡಿದು ಎಬ್ಬಿಸಬೇಕಾಯಿತು. "ಏನು ಬೇಡ್ಕೊಂಡ್ರಿ ಅಷ್ಟು ಹೊತ್ತು?" ಎಂದು ಆಮೇಲೆ ಕೇಳಿದೆ. "ಬೇಡೋಕೆ ಏನೂ ಉಳಿದಿರಲಿಲ್ಲ ಬಸು. ಸುಮ್ಮನೆ ಕೂತಿದ್ದೆ. ಮೊಣಕಾಲೂ ಹಿಡ್ಕೊಂಡಿತ್ತು" ಅಂದರು.

ಪೂಜೆ ಮುಗಿದ ಮೇಲೆ ಆಶೀರ್ವದಿಸಿದ ತೆನೆಯನ್ನು ಮನೆಗೊಂದರಂತೆ ಹಂಚುವುದು ಪ್ರೆಜಿದೆಂತರ ಕೆಲಸ. ಜೆಫ್ರಿನ್ ಅವತ್ತು ಮೊದಲ ಬೆಂಚಿನಲ್ಲಿರಲಿಲ್ಲ. ಹಿಂದಿನ ಕಂಬದ ಮರೆಯಲ್ಲಿ ನಿಂತಿದ್ದ. ಬಾಯಿ ಜನರನ್ನು ದಾಟಿಕೊಂಡು ಅಲ್ಲಿಗೇ ಹೋಗಿ ಒಂದು ತೆನೆ ಚಾಚಿದರು.

"ನನಗೂ ಇದೆಯಾ?" ಅಂದ.

"ನಿನ್ನ ಮನೆ ಈ ಊರಲ್ಲೇ ಇದೆ ಅಲ್ವಾ? ತಗೋ. ಸಭೇಲಿ ಸಿಟ್ಟು ಮಾಡಿದ್ರೆ ಮಾಫ್ ಮಾಡು."

"ನೀನು ಇವತ್ತು ಸಿಟ್ಟೇ ಮಾಡಲಿಲ್ಲವಲ್ಲೇ" ಅಂದ ಜೆಫ್ರಿನ್. ಅದು ಅವನಿಗೇ ಆಶ್ಚರ್ಯವಾದ ಹಾಗಿತ್ತು. ತೆನೆ ತೆಗೆದುಕೊಂಡು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ.

ಕಂಪನಿಯವರು ಮತ್ತೆ ಈ ಕಡೆ ಮುಖ ಹಾಕಲಿಲ್ಲ. ತೂಬಿಗೆ ಹೊಸ ಬಾಗಿಲು ಬಂತು, ಮತ್ತಿ ಮರದ್ದು; ಜೆಫ್ರಿನ್ ತಾನೇ ಮುಂದೆ ನಿಂತು ಹಾಕಿಸಿದ. ಪಾಳು ಬಿದ್ದ ಗದ್ದೆಗಳಲ್ಲಿ ಕೆಲವು ಮತ್ತೆ ಹಸಿರಾದವು, ಎಲ್ಲವೂ ಅಲ್ಲ. ಇಂಗ್ಲೆಂಡಿಗೆ ಹೋಗುವವರು ಈಗಲೂ ಹೋಗುತ್ತಾರೆ. ಮುಂದಿನ ಪಂಚಾಯತಿ ಚುನಾವಣೆಗೆ ಸೋಯ್ರುವಿನ ವಾಡೆಯವರು, ಇಗರ್ಜಿಯವರು, ಎಲ್ಲ ಸೇರಿ ಬಾಯಿಯ ಬಾಗಿಲಿಗೆ ಬಂದರು. ಬೆಳಗಿನ ಪೂಜೆ ಬಿಡಿಸುವುದಿಲ್ಲ, ಇಗರ್ಜಿಯ ಅಂಗಳದಲ್ಲಿ ತಮ್ಮ ಹೆಸರಿನ ಪ್ರಚಾರ ಮಾಡುವುದಿಲ್ಲ ಎಂದು ಎಲ್ಲರಿಂದ ಮಾತು ತೆಗೆದುಕೊಂಡು ಬಾಯಿ ನಿಂತರು, ಗೆದ್ದರು. ಗೆದ್ದ ದಿನ ರುಜಾರ್ ನನ್ನ ಅಂಗಡಿಯೆದುರು ನಿಂತು ಊದಿದ್ದನ್ನು ನಾನು ರೇಡಿಯೋ ಆರಿಸಿ ಕೇಳಿದೆ.

ಈಗ ಗೋಡೆಯಾಚೆ ಜನವೋ ಜನ. ಯಾರಿಗೋ ನಳದ ನೀರಿಲ್ಲ, ಯಾರಿಗೋ ಪಕ್ಕದವನ ಬೇಲಿಯ ತಕರಾರು. ನಿನ್ನೆ ಸಂಜೆ ಬಾಯಿ ಶಿಲುಬೆಯ ಮುಂದೆ ಜಪಮಾಲೆ ಹಿಡಿದು ಕೂತಿದ್ದಾಗ ಒಬ್ಬ ಬಂದು ಚರಂಡಿಯ ವಿಷಯ ಎತ್ತಿದ. ಬಾಯಿ ಕಣ್ಣು ತೆರೆಯದೆ, ಮಣಿ ಸರಿಸುತ್ತಾ ಹೇಳಿದರು:

"ಇನ್ನು ಮೂರು ಮಣಿ ಇದೆ, ಕೂತ್ಕೋ. ಸುಮ್ಮನೆ ಕೂರಬೇಡ, ನೀನೂ ಹೇಳು. ಇದು ಮುಗಿದ ಕೂಡ್ಲೇ ಇಬ್ಬರೂ ಹೋಗಿ ಆ ಚರಂಡಿ ನೋಡ್ಕೊಂಡು ಬರೋಣ."